ಮಗುವಾಗಲಿಲ್ಲವೇ? ಪರೀಕ್ಷೆ ಇಬ್ಬರಿಗೂ ಆಗಲಿ

ಮದುವೆ ಕಳೆದು ವರ್ಷವಾಗುವ ಮೊದಲೇ ನಮ್ಮ ಮನೆಗಳಲ್ಲಿ ಪ್ರಶ್ನೆ ಶುರುವಾಗುತ್ತದೆ: "ವಿಶೇಷ ಏನಾದ್ರೂ ಉಂಟಾ?" ಕೇಳುವುದು ಹುಡುಗಿಯಲ್ಲಿ ಮಾತ್ರ. ಇನ್ನೊಂದು ವರ್ಷ ಕಳೆದರೆ ಅವಳನ್ನು ಡಾಕ್ಟರ್ ಹತ್ತಿರ, ಆಮೇಲೆ ಮಂತ್ರಿಸಿದ ನೀರಿಗೆ, ನೂಲಿಗೆ ಎಂದು ಊರೂರು ಸುತ್ತಿಸುತ್ತೇವೆ. ಹುಡುಗನಿಗೆ ಒಂದು ಸಣ್ಣ ಪರೀಕ್ಷೆಯೂ ಆಗಿರುವುದಿಲ್ಲ. ಕೊನೆಗೆ ಮಾತು ತಲಾಖ್‌ಗೋ ಎರಡನೇ ಮದುವೆಗೋ ಬಂದು ನಿಲ್ಲುತ್ತದೆ. ಒಂದು ಹೆಣ್ಣಿನ ಬದುಕು ಹೀಗೆ ಪರೀಕ್ಷೆಯೇ ಇಲ್ಲದ ತೀರ್ಪಿನಲ್ಲಿ ಮುಗಿಯಬಾರದು.

ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಈ ಸಮಸ್ಯೆ ಕಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲಿಯೂ ಕಾರಣ ಇರುತ್ತದೆ. ವೀರ್ಯ ಪರೀಕ್ಷೆಗೆ ಖರ್ಚು ಕಡಿಮೆ, ನೋವಿಲ್ಲ. ಹೆಂಗಸಿಗೆ ಸ್ಕ್ಯಾನಿಂಗ್, ಥೈರಾಯಿಡ್ ಪರೀಕ್ಷೆ, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್-ರೇ ಎಂದು ಹಲವು ಮೆಟ್ಟಿಲುಗಳಿವೆ. ಸುಲಭದ್ದು ಮೊದಲು ಆಗಬೇಕಲ್ಲವೇ? ಮಾದರಿ ಕೊಡುವ ವಿಷಯದಲ್ಲಿ ಸಂಕೋಚವಿದ್ದರೆ ಖತೀಬರಲ್ಲಿ ಕೇಳಬಹುದು. ಚಿಕಿತ್ಸೆಯ ಅಗತ್ಯಕ್ಕೆ ಅನೇಕ ವಿದ್ವಾಂಸರು ದಾರಿ ತೋರಿಸಿದ್ದಾರೆ.

ನಮ್ಮಲ್ಲಿ ಇನ್ನೊಂದು ಲೆಕ್ಕವೂ ತಪ್ಪುತ್ತದೆ. ಗಂಡ ಹೆಂಡತಿ 12 ತಿಂಗಳು ಒಟ್ಟಿಗಿದ್ದೂ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯರು ಅದನ್ನು ಸಮಸ್ಯೆ ಎನ್ನುತ್ತಾರೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ತೋರಿಸಬೇಕು. ಗಲ್ಫ್‌ನಲ್ಲಿರುವವರು ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆಗೆ ಬಂದರೆ, ಮದುವೆಯಾಗಿ ನಾಲ್ಕು ವರ್ಷವಾದರೂ ಒಟ್ಟಿಗಿದ್ದದ್ದು ಮೂರು ನಾಲ್ಕು ತಿಂಗಳು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅದು ಒಂದು ದಿನ ಮಾತ್ರ ಬಾಳುತ್ತದೆ, ವೀರ್ಯಾಣು ಐದು ದಿನದವರೆಗೂ ಇರಬಲ್ಲದು. ತಿಂಗಳಲ್ಲಿ ಗರ್ಭ ನಿಲ್ಲುವ ದಿನ ಆರೇ ಆರು. ರಜೆಯಲ್ಲಿ ಅಂತಹ ಸಂದರ್ಭ ಒಂದೋ ಎರಡೋ ಸಿಗುತ್ತದೆ. ಅಷ್ಟಕ್ಕೇ ಹುಡುಗಿಗೆ ಬಂಜೆ ಎಂಬ ಹೆಸರು ಕೊಡುವುದು ಅನ್ಯಾಯ. ಗಂಡ ತನ್ನ ಪರೀಕ್ಷೆಯನ್ನು ಅಲ್ಲೇ ಮಾಡಿಸಿ ರಿಪೋರ್ಟ್ ತಂದರೆ ರಜೆಯ ದಿನಗಳು ಉಳಿಯುತ್ತವೆ. ಒಮ್ಮೆ ವರದಿ ಚೆನ್ನಾಗಿಲ್ಲದಿದ್ದರೆ ಗಾಬರಿ ಬೇಡ. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು, ನಡುವೆ ಜ್ವರ ಬಂದಿದ್ದರೂ ಕಡಿಮೆಯಾಗುತ್ತದೆ. ಇನ್ನೊಮ್ಮೆ ಮಾಡಿಸಬೇಕು. ಸಿಗರೇಟು ಬಿಡುವುದು, ಶುಗರ್ ಹಿಡಿತದಲ್ಲಿಡುವುದು ಗಂಡನ ಕೆಲಸ.

ಚಿಕಿತ್ಸೆ ಎಂದರೆ ನೇರ ಐವಿಎಫ್ ಅಲ್ಲ. ಪಿಸಿಓಡಿ ಇದ್ದು ಮುಟ್ಟು ಏರುಪೇರಾಗುವವರಿಗೆ ತೂಕ ಇಳಿಸುವುದು, ಅಂಡ ಬಿಡುಗಡೆಗೆ ಮಾತ್ರೆ ಕೊಡುವುದು ಮೊದಲ ಹಂತ. ಥೈರಾಯಿಡ್ ಸರಿಪಡಿಸಿದಾಗಲೇ ಗರ್ಭ ನಿಂತವರೂ ಇದ್ದಾರೆ. ಮುಂದಿನ ಹಂತ ಐಯುಐ. ಅದರಲ್ಲಿ ಗಂಡನ ವೀರ್ಯವನ್ನು ಶುದ್ಧಮಾಡಿ ಗರ್ಭಕೋಶದೊಳಗೆ ಬಿಡುತ್ತಾರೆ, ಗರ್ಭನಾಳ ತೆರೆದಿರಬೇಕು. ಗರ್ಭನಾಳ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆಯಿದ್ದರೆ ಐವಿಎಫ್ ಅಥವಾ ಇಕ್ಸಿ. ಐವಿಎಫ್‌ಗೂ ಗ್ಯಾರಂಟಿ ಇಲ್ಲ, ವಯಸ್ಸು ಏರಿದಷ್ಟೂ ಫಲ ಕಡಿಮೆ. ಮೊದಲ ತಪಾಸಣೆಗೆ ಲೇಡಿಗೋಷನ್‌ನಂತಹ ಸರಕಾರಿ ಆಸ್ಪತ್ರೆಗೂ ಹೋಗಬಹುದು.

ಈ ಕ್ಷೇತ್ರಕ್ಕೆ ಈಗ ಕಾನೂನು ಇದೆ. ಸಂಸತ್ತು 2021ರಲ್ಲಿ ಮಾಡಿದ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಸೆಂಟರ್ ನೋಂದಣಿಯಾಗಿರಬೇಕು. ಫಲ ಸಿಗುವ ಸಾಧ್ಯತೆ, ಅಪಾಯ, ಖರ್ಚು ಎಲ್ಲವನ್ನೂ ಮೊದಲೇ ತಿಳಿಸಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ. ಗಂಡು ಬೇಕು, ಹೆಣ್ಣು ಬೇಕು ಎಂದು ಆರಿಸುವುದು ಅಪರಾಧ.

ಆದರೆ ಕಾನೂನು ಒಪ್ಪುವುದೆಲ್ಲ ನಮಗೆ ಅನುಮತಿಸಿದ್ದಲ್ಲ. ಬೇರೆಯವರ ಅಂಡ ಅಥವಾ ವೀರ್ಯ ಪಡೆಯಲು ಕಾಯ್ದೆ ಅವಕಾಶ ಕೊಡುತ್ತದೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಏಳು ವಿಧಾನಗಳನ್ನು ಪರಿಶೀಲಿಸಿ ಐದನ್ನು ನಿಷಿದ್ಧವೆಂದಿತು, ಎರಡನ್ನು ಅಗತ್ಯವಿದ್ದಾಗ ಎಚ್ಚರಿಕೆಯೊಂದಿಗೆ ಒಪ್ಪಿತು. ವೀರ್ಯ ಗಂಡನದ್ದೇ, ಅಂಡ ಹೆಂಡತಿಯದ್ದೇ, ಗರ್ಭವೂ ಅವಳದ್ದೇ ಆಗಿರಬೇಕು, ನಿಕಾಹ್ ಊರ್ಜಿತದಲ್ಲಿರಬೇಕು. ಬಾಡಿಗೆ ತಾಯಿ ಇದರಲ್ಲಿ ಬರುವುದಿಲ್ಲ. ವಂಶದ ಗುರುತು ಕೆಡಬಾರದು ಎಂಬುದೇ ಇದರ ತಿರುಳು. ಆದ್ದರಿಂದ ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ಇಂಗ್ಲಿಷ್ ಬಾರದಿದ್ದರೆ ಓದಿಸಿ ಕೇಳಿ. ದಾನಿಯ ಅಂಡ ಅಥವಾ ವೀರ್ಯ ಬೇಡ ಎಂದು ಬರೆಸಿಕೊಳ್ಳಿ. ಉಳಿದ ಭ್ರೂಣಗಳನ್ನು ಏನು ಮಾಡುತ್ತಾರೆ ಎಂದೂ ಕೇಳಿ.

ಒಂದು ಸಲದ ಐವಿಎಫ್‌ಗೆ ಸಾಮಾನ್ಯವಾಗಿ ಲಕ್ಷ ರೂಪಾಯಿ ದಾಟುತ್ತದೆ. ಔಷಧಿ, ಭ್ರೂಣ ಶೈತ್ಯದಲ್ಲಿಡುವುದು ಅದರಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಬೇಕು. ಖರ್ಚಿಗೆಂದು ಹೆಂಡತಿಯ ಮಹರ್ ಚಿನ್ನಕ್ಕೆ ಕೈಹಾಕುವ ಮನೆಗಳಿವೆ. ಅದು ಅವಳ ಸೊತ್ತು, ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಬಡ್ಡಿ ಸಾಲ ಮಾಡಿ ಮನೆ ಮುಳುಗಿಸುವುದೂ ಬೇಡ.

ಪ್ರಾರ್ಥನೆ ಬಿಡಬೇಕೆಂದು ನಾವು ಹೇಳುವುದಿಲ್ಲ. ಝಕರಿಯ್ಯಾ ನಬಿಯವರು ಮುಪ್ಪಿನಲ್ಲಿಯೂ ಮಗುವಿಗಾಗಿ ಬೇಡಿದವರು, ಹೆಂಡತಿಯನ್ನು ದೂರಿದವರಲ್ಲ. ಮಕ್ಕಳನ್ನು ಕೊಡುವುದು, ಕೊಡದಿರುವುದು ಅಲ್ಲಾಹನ ಇಚ್ಛೆ ಎಂದು ಶೂರಾ ಅಧ್ಯಾಯದ 49, 50ನೇ ಸೂಕ್ತಗಳು ತಿಳಿಸುವಾಗ ಹೆಣ್ಣಿನ ಕಡೆ ಬೆರಳು ತೋರಿಸುವುದಿಲ್ಲ. ಮಕ್ಕಳಿಲ್ಲವೆಂಬ ಕಾರಣಕ್ಕೆ ತಲಾಖ್ ಅಥವಾ ಎರಡನೇ ಮದುವೆಯ ಮಾತು ಜಮಾಅತಿಗೆ ಬಂದರೆ, ಹಿರಿಯರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಹುಡುಗನ ರಿಪೋರ್ಟ್ ಎಲ್ಲಿ?"