ಹಾಡು ಬೇಕು, ಬರೆದವನ ಹೆಸರು ಬೇಡವೇ?



ಇತ್ತೀಚೆಗೆ ನಮ್ಮ ಚಿತ್ರಗಳಲ್ಲಿ ಒಂದು ಹೊಸ ವರಸೆ ಶುರುವಾಗಿದೆ. ಕಥೆ ಎಲ್ಲೋ ಎಳೆದಾಡುತ್ತಿರುತ್ತದೆ, ಜನ ಮೊಬೈಲು ತೆಗೆದು ನೋಡುತ್ತಿರುತ್ತಾರೆ. ಅಷ್ಟರಲ್ಲಿ ತೆರೆಯ ಮೇಲೆ ಒಂದು ಟೀ ಅಂಗಡಿಯೋ ಆಟೋವೋ ಬರುತ್ತದೆ. ಅದರ ಸ್ಪೀಕರಿನಲ್ಲಿ ಅಣ್ಣಾವ್ರ ಹಾಡೋ, ಶಂಕರ್‌ನಾಗ್ ಚಿತ್ರದ ಹಾಡೋ ಹತ್ತು ಸೆಕೆಂಡು ಕೇಳಿಸುತ್ತದೆ. ಅಷ್ಟೇ, ಮಲಗಿದ್ದ ಟಾಕೀಸು ಎದ್ದು ಕೂರುತ್ತದೆ. ಶಿಳ್ಳೆ, ಚಪ್ಪಾಳೆ! ನಿರ್ದೇಶಕ ಗೆದ್ದೆ ಅಂದುಕೊಳ್ಳುತ್ತಾನೆ.

ಸ್ವಾಮಿ, ಆ ಶಿಳ್ಳೆ ಬಿದ್ದದ್ದು ಯಾರಿಗೆ? ನಿಮ್ಮ ದೃಶ್ಯಕ್ಕಲ್ಲ. ನಲವತ್ತು ವರ್ಷದ ಹಿಂದೆ ಯಾರೋ ಬರೆದು, ಯಾರೋ ಮಟ್ಟು ಹಾಕಿ, ಯಾರೋ ಎದೆತುಂಬಿ ಹಾಡಿದ ಹಾಡಿಗೆ. ಚಿತ್ರ ಮುಗಿದ ಮೇಲೆ ಅವರ ಹೆಸರು ಎಲ್ಲಿದೆ ಅಂತ ಹುಡುಕಿ ನೋಡಿ. ಇದ್ದರೆ ಕೊನೆಯಲ್ಲಿ, ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ಆಡಿಯೋ ಕಂಪನಿಯ ಹೆಸರಿರುತ್ತದೆ. ಅದು ಓಡುವ ಹೊತ್ತಿಗೆ ಲೈಟು ಹಾಕಿ ಬಾಗಿಲು ತೆಗೆದಿರುತ್ತಾರೆ. ಕವಿಯ ಹೆಸರು? ಹುಡುಕುತ್ತಲೇ ಇರಿ.

ಇದನ್ನು ಸಣ್ಣ ವಿಷಯ ಅನ್ನುವವರಿಗೆ ‘ಕಾಂತಾರ’ವನ್ನು ನೆನಪು ಮಾಡಬೇಕು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ಆ ಚಿತ್ರದ ‘ವರಾಹ ರೂಪಂ’ ಹಾಡಿನ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಕರಾರು ತೆಗೆಯಿತು. ತಮ್ಮ ‘ನವರಸಂ’ ಹಾಡಿನ ಛಾಯೆ ಅದರಲ್ಲಿದೆ ಎಂಬುದು ಅವರ ವಾದ. ವಿಷಯ ಕೇರಳದ ನ್ಯಾಯಾಲಯಗಳ ಮೆಟ್ಟಿಲೇರಿತು. ಅದೇ ನವೆಂಬರಿನಲ್ಲಿ ಚಿತ್ರ ಓಟಿಟಿಗೆ ಬಂದಾಗ ಶಶಿರಾಜ್ ಕಾವೂರು ಬರೆದ ಸಾಹಿತ್ಯ ಹಾಗೇ ಇತ್ತು, ಮಟ್ಟು ಮಾತ್ರ ಬೇರೆ ಆಗಿತ್ತು. ದೃಶ್ಯ ಅದೇ, ನಟನೆ ಅದೇ, ಬೆಂಕಿ ಅದೇ. ಆದರೂ ಜನ ‘ಜೀವವೇ ಹೋಯಿತು’ ಎಂದು ಬೊಬ್ಬೆ ಹಾಕಿದರು. ಕೊನೆಗೆ ಹಳೆಯ ಮಟ್ಟು ಮರಳಿ ಬಂದ ಮೇಲೆಯೇ ಸಮಾಧಾನ. ಆ ಜಗಳದಲ್ಲಿ ಯಾರು ಸರಿ ಯಾರು ತಪ್ಪು ಎಂದು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಆದರೆ ಒಂದು ಮಾತು ಎಲ್ಲರ ಕಿವಿಗೂ ಬಿತ್ತು. ತೆರೆಯ ಮೇಲೆ ಕಾಣುವುದರ ಅರ್ಧ ಪ್ರಾಣ ತೆರೆಯ ಹಿಂದೆ ಕೇಳುವುದರಲ್ಲಿದೆ.

ಅರ್ಧ ಪ್ರಾಣ ಕೊಟ್ಟವನಿಗೆ ಒಂದು ಸಾಲು ಹೆಸರು ಕೊಡುವುದಕ್ಕೆ ನಮ್ಮವರಿಗೆ ಯಾಕೆ ಇಷ್ಟು ಸಂಕಟ?

2024ರ ಜನವರಿಯಲ್ಲಿ ‘ಬ್ಯಾಚುಲರ್ ಪಾರ್ಟಿ’ ಎಂಬ ಚಿತ್ರ ಬಂತು. ಅದರಲ್ಲಿ ‘ಗಾಳಿಮಾತು’ (1981) ಮತ್ತು ‘ನ್ಯಾಯ ಎಲ್ಲಿದೆ’ (1982) ಚಿತ್ರಗಳ ಎರಡು ಹಾಡುಗಳನ್ನು ತಮ್ಮ ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ಹಕ್ಕು ಹೊಂದಿರುವ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರು ಕೊಟ್ಟಿತು. ಪ್ರಕರಣ ದೆಹಲಿ ಹೈಕೋರ್ಟಿನವರೆಗೆ ಹೋಯಿತು. ಅದೇ ವರ್ಷದ ಆಗಸ್ಟಿನಲ್ಲಿ ನಿರ್ಮಾಪಕರು 20 ಲಕ್ಷ ರೂಪಾಯಿ ಠೇವಣಿ ಇಡಬೇಕೆಂದು ಮಧ್ಯಂತರ ಆದೇಶವಾಯಿತು. ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಸುದ್ದಿ ಬಂತು. ನಿರ್ಮಾಪಕರ ಹೆಸರು ಬಂತು, ಕಂಪನಿಯ ಹೆಸರು ಬಂತು, ಲಕ್ಷಗಳ ಲೆಕ್ಕವೂ ಬಂತು. ‘ಗಾಳಿಮಾತು’ವಿಗೆ ಸಂಗೀತ ಕೊಟ್ಟ ಮೈಸೂರಿನ ಅಣ್ಣ-ತಮ್ಮ ರಾಜನ್-ನಾಗೇಂದ್ರರನ್ನು ಎಷ್ಟು ಜನ ನೆನೆದರು? ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ಜಗಳ ನಡೆದದ್ದು ಅವರ ಆಸ್ತಿಯ ಮೇಲೆ, ಪಂಚಾಯಿತಿಯಲ್ಲಿ ಅವರ ಹೆಸರೇ ಇಲ್ಲ!

ಗಾಂಧಿನಗರದಲ್ಲಿ ಒಂದು ಗಾಳಿಮಾತು ಈಗಲೂ ಓಡಾಡುತ್ತಿದೆ. ಎಂಟೋ ಹತ್ತೋ ಸೆಕೆಂಡಿನೊಳಗೆ ಬಳಸಿದರೆ ಯಾರನ್ನೂ ಕೇಳಬೇಕಿಲ್ಲವಂತೆ. ಹೊಸ ಹುಡುಗರು ಇದನ್ನು ವೇದವಾಕ್ಯದ ಹಾಗೆ ನಂಬಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇಂಥ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ. ವಿಮರ್ಶೆಗೆ, ಸುದ್ದಿಗೆ, ಸ್ವಂತ ಅಭ್ಯಾಸಕ್ಕೆ ಒಂದಿಷ್ಟು ರಿಯಾಯಿತಿ ಇದೆ. ಟಿಕೆಟ್ ಮಾರಿ ದುಡ್ಡು ಮಾಡುವ ಚಿತ್ರದ ದೃಶ್ಯಕ್ಕೆ ಖಾರ ಹಚ್ಚಲು ಸೆಕೆಂಡು ಎಣಿಸಿ ಬಿಟ್ಟುಕೊಡುವ ನಿಯಮ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಹಾಡು ಅಂದರೆ ಒಂದೇ ವಸ್ತು ಅನ್ನುವುದು. ಕಾನೂನಿನ ಕಣ್ಣಿಗೆ ಅದು ಮೂರು. ಬರೆದ ಸಾಹಿತ್ಯ ಒಂದು, ಕಟ್ಟಿದ ಮಟ್ಟು ಒಂದು, ಧ್ವನಿಮುದ್ರಣ ಇನ್ನೊಂದು. ‘ಬೆಳ್ಳಿಮೋಡ’ (1967) ನೋಡಿ. ಅದರಲ್ಲಿ ಬೇಂದ್ರೆಯವರ ಬೆಳಗಿನ ಕವಿತೆಗೆ ವಿಜಯಭಾಸ್ಕರ್ ಮಟ್ಟು ಹಾಕಿದ್ದಾರೆ. ಬರೆದವರು, ಮಟ್ಟು ಕಟ್ಟಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಕವಿತೆಯ ಹಕ್ಕು 2041ರ ಕೊನೆಯವರೆಗೆ. ವಿಜಯಭಾಸ್ಕರ್ 2002ರಲ್ಲಿ ಹೋದರು, ಮಟ್ಟಿನ ಹಕ್ಕು 2062ರವರೆಗೆ. ಧ್ವನಿಮುದ್ರಣಕ್ಕೆ ಮಾತ್ರ ಹೊರಬಂದ ವರ್ಷದಿಂದ ಲೆಕ್ಕ, ಅದು 2027ರ ಕೊನೆಗೆ ಮುಗಿಯುತ್ತದೆ. ಒಂದೇ ಹಾಡು, ಮೂರು ಆಯುಷ್ಯ. ಕಂಪನಿಗೆ ದುಡ್ಡು ಕಟ್ಟಿ ರಸೀದಿ ತಂದೆ ಅಂದ ಮಾತ್ರಕ್ಕೆ ಬರೆದವನ ಋಣ ತೀರುವುದಿಲ್ಲ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಬರೆದವನಲ್ಲೇ ಉಳಿಯುತ್ತದೆ. ಇದೂ ಅದೇ ಕಾಯ್ದೆಯ 57ನೇ ಕಲಮಿನಲ್ಲಿದೆ.

ದುಡ್ಡಿನ ಮಾತಿಗೂ ಬರೋಣ. 1977ರಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕನಿಂದ ಸಂಭಾವನೆ ಪಡೆದು ಬರೆದುಕೊಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಾಡು ನಿರ್ಮಾಪಕನದ್ದೇ ಎಂದು ತೀರ್ಪು ಕೊಟ್ಟಿತು. ಅಲ್ಲಿಂದ 35 ವರ್ಷ ನಮ್ಮ ಚಿತ್ರಸಾಹಿತಿಗಳು ಒಂದು ಸಲದ ಸಂಭಾವನೆಗೆ ಸಹಿ ಹಾಕಿ ಕೈತೊಳೆದುಕೊಂಡರು. 2012ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಚಿತ್ರಮಂದಿರದಲ್ಲಿ ಆ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆಲ್ಲಿ ಬಳಕೆಯಾದರೂ ಬರುವ ಗೌರವಧನದಲ್ಲಿ ಸಾಹಿತಿಗೂ ಸಂಗೀತಗಾರನಿಗೂ ಸಮಪಾಲು ಕೇಳುವ ಹಕ್ಕು ಬಂತು. ಅದನ್ನು ಬರೆದುಕೊಡಿ ಎಂದು ಕೇಳಿದರೂ ಬರೆದುಕೊಡುವಂತಿಲ್ಲ. ಈಗಿನ ಹುಡುಗ ಸಾಹಿತಿಗಳು ಇದನ್ನು ತಿಳಿದುಕೊಂಡು ಸಹಿ ಹಾಕಲಿ.

ನಾನು ಪ್ರೆಸ್ಸಿನವನು. ನನಗೆ ಈ ಹೆಸರಿನ ವಿಷಯ ಚುಚ್ಚುವುದಕ್ಕೆ ಕಾರಣವಿದೆ. ಚುನಾವಣೆ ಬಂದಾಗ ವಾರ್ಡಿನ ಅಭ್ಯರ್ಥಿಯೊಬ್ಬ ಸಾವಿರ ಕರಪತ್ರ ಹೊಡೆಸಲು ಬರುತ್ತಾನೆ. ಮಾರನೇ ದಿನ ಚರಂಡಿ ಸೇರುವ ಹಾಳೆ. ವಿಧಾನಸಭೆಯದೋ ಲೋಕಸಭೆಯದೋ ಚುನಾವಣೆಯಾದರೆ ಆ ಹಾಳೆಯ ಬುಡದಲ್ಲಿ ಮುದ್ರಕನ ಹೆಸರು, ವಿಳಾಸ ಇಲ್ಲದೆ ಹೊಡೆದರೆ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನನಗೆ ಆರು ತಿಂಗಳವರೆಗೆ ಜೈಲು, ಅಥವಾ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ! ಚರಂಡಿ ಸೇರುವ ಹಾಳೆಗೆ ಅಷ್ಟು ಕಟ್ಟುನಿಟ್ಟು, ಮೂರು ತಲೆಮಾರು ಹಾಡಿಕೊಂಡ ಹಾಡಿಗೆ ಹೇಳುವವರು ಕೇಳುವವರು ಇಲ್ಲ.

ಹಿಂದೆ ಹೀಗಿರಲಿಲ್ಲ. ಟಾಕೀಸಿನ ಮುಂದೆ ಹಾಡಿನ ಪುಸ್ತಕ ಮಾರುತ್ತಿದ್ದರು. ಎಂಟು ಪುಟ, ಒರಟು ಕಾಗದ, ಮುಖಪುಟದಲ್ಲಿ ನಾಯಕ-ನಾಯಕಿಯ ಮಸುಕು ಬ್ಲಾಕು. ಒಳಗೆ ಅರ್ಧ ಕಥಾಸಾರ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಒಗ್ಗರಣೆ. ಹಾಡಿನ ತಲೆಯ ಮೇಲೆ ರಚನೆ ಇಂಥವರು, ಸಂಗೀತ ಇಂಥವರು, ಹಾಡಿದವರು ಇಂಥವರು ಎಂದು ಮೊಳೆ ಜೋಡಿಸಿ ಅಚ್ಚು ಹಾಕಿರುತ್ತಿದ್ದರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಈ ಹೆಸರುಗಳನ್ನು ಹಳ್ಳಿಯ ಹುಡುಗನೂ ಬಾಯಿಪಾಠ ಹೇಳುತ್ತಿದ್ದದ್ದು ಹಾಗೆ. ಆಮೇಲೆ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಹೆಸರು ಉಳಿಯಿತು. ಈಗ ಹಾಡು ಫೋನಿಗೆ ಬಂದಿದೆ, ಪಟ್ಟಿಯಲ್ಲಿ ಮೊದಲು ಕಾಣುವುದು ನಾಯಕನಟನ ಮುಖ. ಕಾಗದ ಹೋದದ್ದಕ್ಕೆ ಪ್ರೆಸ್ಸಿನವನು ಅಳುತ್ತಿದ್ದಾನೆ ಅಂದುಕೊಳ್ಳಬೇಡಿ. ಕಾಗದ ಹೋಗಲಿ, ಅದರ ಜೊತೆ ಹೆಸರೂ ಹೋಯಿತಲ್ಲ!

ಹೆಸರು ಹೋದರೆ ಏನಾಗುತ್ತದೆ? ಹಾಡಿನ ಊರೇ ಮರೆತುಹೋಗುತ್ತದೆ. ‘ಎರಡು ಕನಸು’ (1974) ಚಿತ್ರದ ‘ಎಂದೆಂದೂ ನಿನ್ನನು’ ಹಾಡಿನ ಮಟ್ಟನ್ನೇ ರಾಜನ್-ನಾಗೇಂದ್ರ ಮರುವರ್ಷ ತೆಲುಗಿನ ‘ಪೂಜಾ’ ಚಿತ್ರಕ್ಕೆ ಕೊಟ್ಟರು. ತೆಲುಗರು ಅದನ್ನು ಇಂದಿಗೂ ಎದೆಗೆ ಅಪ್ಪಿಕೊಂಡಿದ್ದಾರೆ, ಸಂತೋಷ. ಆದರೆ ಬೆಂಗಳೂರಿನಲ್ಲಿ ಬೆಳೆದ ಕನ್ನಡದ ಹುಡುಗನೇ ‘ಇದು ತೆಲುಗಿಂದ ಕದ್ದದ್ದಲ್ವಾ’ ಎಂದು ಕೇಳಿದರೆ ಏನು ಹೇಳೋಣ? ‘ಗೀತಾ’ (1981) ಚಿತ್ರದ ‘ಜೊತೆಯಲಿ’ ಹಾಡು ನೋಡಿ. ಇಳಯರಾಜಾ ಅದೇ ಮಟ್ಟನ್ನು 1984ರಲ್ಲಿ ತಮಿಳು ಚಿತ್ರಕ್ಕೆ ಬಳಸಿದರು, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೆ. ಮಟ್ಟು ಅವರದ್ದು, ಅವರು ಎಲ್ಲಿ ಬೇಕಾದರೂ ಒಯ್ಯಲಿ. ಆದರೆ ಅದು ಮೊದಲು ಕಣ್ಣು ಬಿಟ್ಟದ್ದು ಶಂಕರ್‌ನಾಗ್ ಅವರ ಕನ್ನಡ ಚಿತ್ರದಲ್ಲಿ ಎಂದು ಹೇಳಬೇಕಾದವರು ನಾವಲ್ಲದೆ ಇನ್ಯಾರು? ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ ‘ಪಲ್ಲವಿ ಅನುಪಲ್ಲವಿ’ (1983). ಅದರ ಹಿನ್ನೆಲೆ ಸಂಗೀತದ ತುಣುಕು ಐಡಿಯಾ ಫೋನ್ ಕಂಪನಿಯ ಜಾಹೀರಾತಿನಲ್ಲಿ ದೇಶವೆಲ್ಲ ಮೊಳಗಿತು. ನಮ್ಮವರು ಅದನ್ನು ರಿಂಗ್‌ಟೋನ್ ಮಾಡಿಕೊಂಡು ತಿರುಗಿದರು, ಮನೆಯ ಮಗು ಎಂದು ಗೊತ್ತಿಲ್ಲದೆ.

ಹಳೆಯ ಹಾಡನ್ನು ಮುಟ್ಟಲೇಬಾರದು ಎಂಬ ಮಡಿವಂತಿಕೆ ನಮಗಿಲ್ಲ. ಮುಟ್ಟುವ ರೀತಿ ಇದೆ. ‘ರಾಜಕುಮಾರ’ (2017) ಚಿತ್ರದ ಗೊಂಬೆಯ ಹಾಡು ‘ಕಸ್ತೂರಿ ನಿವಾಸ’ದ (1971) ಗೊಂಬೆಯನ್ನು ನೆನಪಿಗೆ ತಂದಿತು. ಹಳೆಯ ಮುದ್ರಣವನ್ನು ಕತ್ತರಿಸಿ ಅಂಟಿಸಲಿಲ್ಲ, ಹೊಸ ಮಟ್ಟು, ಹೊಸ ಮಾತು ಕಟ್ಟಿತು. ಅಪ್ಪನ ಗೊಂಬೆಯನ್ನು ಮಗ ಕೈಗೆತ್ತಿಕೊಂಡ ಹಾಗೆ. ಪುನೀತ್ ಹೋದ ಮೇಲೆ ಆ ಹಾಡು ಕೇಳಿ ಕಣ್ಣೊರೆಸಿಕೊಳ್ಳದ ಕನ್ನಡಿಗನನ್ನು ನಾನು ಕಂಡಿಲ್ಲ. ‘ಒಂದು ಮೊಟ್ಟೆಯ ಕಥೆ’ಯಲ್ಲಿ (2017) ಮಂಗಳೂರಿನ ಬೋಳುತಲೆಯ ಕನ್ನಡ ಮೇಷ್ಟರಿಗೆ ಅಣ್ಣಾವ್ರ ಹಾಡುಗಳೇ ಗೆಳೆಯರು. ಅಲ್ಲಿ ಹಾಡು ಬರುವುದು ಶಿಳ್ಳೆಗಾಗಿ ಅಲ್ಲ, ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುವುದಕ್ಕೆ. ಗೋಪಾಲಕೃಷ್ಣ ಅಡಿಗರ ಕವಿತೆಗೆ ಮನೋಮೂರ್ತಿ ಮಟ್ಟು ಹಾಕಿದ್ದು ‘ಅಮೆರಿಕಾ ಅಮೆರಿಕಾ’ (1997) ಚಿತ್ರಕ್ಕೆ. ಕಾಲೇಜಿನಲ್ಲಿ ಪದ್ಯವೆಂದರೆ ಓಡುತ್ತಿದ್ದವರೂ ಅಡಿಗರನ್ನು ಹಾಡಿದರು. ಅದೇ ಕವಿತೆಯ ಮಾತು 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಎಂಬ ಚಿತ್ರದ ಹೆಸರೇ ಆಯಿತು. ಕವಿಯ ಹೆಸರು ಗೊತ್ತಿದ್ದರೆ ಹಾಡು ಓದುಗನನ್ನು ಪುಸ್ತಕದವರೆಗೆ ಕರೆದೊಯ್ಯುತ್ತದೆ.

ಇನ್ನೊಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ನಮ್ಮ ನಿರ್ದೇಶಕರಿಗೆ ಹಳ್ಳಿ, ಬಡತನ, ಅಮ್ಮ ತೋರಿಸಬೇಕಾದರೆ ಹಿನ್ನೆಲೆಗೆ ಕನ್ನಡದ ಹಾಡು ಬೇಕು. ಅದೇ ಪಬ್ಬು, ಕಾರು, ಐಟಿ ಆಫೀಸಿನ ಪಾರ್ಟಿ ತೋರಿಸಬೇಕಾದರೆ ಸ್ಪೀಕರಿಗೆ ಹಿಂದಿ ಹಾಡು ಹಾಕುತ್ತಾರೆ. ಬೆಂಗಳೂರಿನ ರಾತ್ರಿಗೆ ಕನ್ನಡ ಒಗ್ಗುವುದಿಲ್ಲವೇ? 1987ರಲ್ಲೇ ‘ಪ್ರೇಮಲೋಕ’ದ ಹಂಸಲೇಖ ಕಾಲೇಜು ಹುಡುಗರ ಬೈಕಿಗೆ ಕನ್ನಡ ಹತ್ತಿಸಿ ಕೂರಿಸಿದ್ದರಲ್ಲ! 2024ರ ಮಲಯಾಳಂ ಚಿತ್ರ ‘ಮಂಜುಮ್ಮೆಲ್ ಬಾಯ್ಸ್’ ತಮಿಳಿನ ‘ಗುಣಾ’ (1991) ಚಿತ್ರದ ಹಾಡನ್ನು ಕಥೆಯ ಎದೆಯಲ್ಲೇ ಇಟ್ಟುಕೊಂಡಿತು. ಅದರ ಮೇಲೂ ಇಳಯರಾಜಾ ನೋಟೀಸು ಕಳಿಸಿದರು, ಆ ಮಾತು ಬೇರೆ. ಆದರೆ ಅಲ್ಲಿ ತಮಿಳು ಹಾಡಿಗೆ ಕಾರಣವಿತ್ತು, ಕಥೆ ನಡೆಯುವುದೇ ಕೊಡೈಕೆನಾಲಿನ ಗುಣಾ ಗುಹೆಯಲ್ಲಿ. ನಮ್ಮ ಪಬ್ಬಿನ ದೃಶ್ಯದ ಹಿಂದಿ ಹಾಡಿಗೆ ಏನು ಕಾರಣ?

ಎದುರು ಮಾತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೋಸ್ಟರ್ ಹೊಡೆಸಲು ನಮ್ಮ ಪ್ರೆಸ್ಸಿಗೆ ಬಂದಿದ್ದ ಹೊಸ ನಿರ್ದೇಶಕನೊಬ್ಬ ಹೇಳಿದ: ‘ಅಣ್ಣಾ, ಅರ್ಧ ನಿಮಿಷದ ಹಾಡಿಗೆ ಕಂಪನಿಯವರು ಕೇಳಿದ ದುಡ್ಡು ನಮ್ಮ ಹೀರೋ ಸಂಭಾವನೆಗಿಂತ ಜಾಸ್ತಿ. ಕೇಳಿದರೆ ದುಬಾರಿ, ಕೇಳದಿದ್ದರೆ ಕೇಸು.’ ಅವನ ಸಂಕಟ ನಿಜ. ಹಾಡಿನ ಹಕ್ಕುಗಳೆಲ್ಲ ಕೆಲವೇ ಕಂಪನಿಗಳ ಬೀರುವಿನಲ್ಲಿವೆ. ಆ ದುಡ್ಡಿನಲ್ಲಿ ಬರೆದವನ ಮನೆಗೆ ಎಷ್ಟು ಮುಟ್ಟುತ್ತದೆ ಎಂದು ಕಂಪನಿಯೂ ಬಾಯಿ ಬಿಡುವುದಿಲ್ಲ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಈ ಕಂಪನಿಗಳನ್ನು ಕೂರಿಸಿ, ಸಣ್ಣ ಬಜೆಟ್ಟಿನ ಕನ್ನಡ ಚಿತ್ರಗಳಿಗೆ ಕೈಗೆಟುಕುವ ದರವೊಂದನ್ನು ಗೊತ್ತುಮಾಡಿಸಲಿ.

ಹೆಸರು ಹಾಕುವುದಕ್ಕೆ ಮಾತ್ರ ದುಡ್ಡು ಬೇಕಿಲ್ಲ. ಸರ್ಕಾರ ಕನ್ನಡ ಚಿತ್ರಗಳಿಗೆ ಜನರ ತೆರಿಗೆಯಿಂದ ಸಹಾಯಧನ ಕೊಡುತ್ತದೆ. ಹಳೆಯ ಹಾಡು ಬಳಸಿದ ಚಿತ್ರ ಸಹಾಯಧನಕ್ಕೆ ಅರ್ಜಿ ಹಾಕಿದರೆ, ಮೂಲ ಚಿತ್ರ, ಸಾಹಿತಿ, ಸಂಗೀತ ನಿರ್ದೇಶಕ, ಗಾಯಕರ ಹೆಸರು ಚಿತ್ರದ ಆರಂಭದಲ್ಲೇ, ಓದುವಷ್ಟು ದೊಡ್ಡದಾಗಿ, ಕನ್ನಡ ಅಕ್ಷರದಲ್ಲಿ ಇರಲೇಬೇಕು ಎಂದು ಒಂದು ಷರತ್ತು ಸೇರಿಸಲಿ. ವಾರ್ತಾ ಇಲಾಖೆಯ ಒಂದು ಸುತ್ತೋಲೆ ಸಾಕು.

ನಮ್ಮ ಸಂಘಟನೆಗಳಿಗೂ ಒಂದು ಮಾತು. 1982ರ ಗೋಕಾಕ್ ಚಳವಳಿಗೆ ಅಣ್ಣಾವ್ರು ಇಳಿದ ಮೇಲೆ ಬೀದಿ ತುಂಬಿತು ಎಂದು ಭಾಷಣ ಬಿಗಿಯುತ್ತೇವೆ. ನವೆಂಬರ್ ಬಂದರೆ ಆಟೋ ನಿಲ್ದಾಣದಿಂದ ವಿಧಾನಸೌಧದವರೆಗೆ ‘ಆಕಸ್ಮಿಕ’ (1993) ಚಿತ್ರದ ಕನ್ನಡದ ಹಾಡನ್ನೇ ಹಾಕುತ್ತೇವೆ. ಬರೆದು ಮಟ್ಟು ಹಾಕಿದವರು ಹಂಸಲೇಖ ಎಂದು ಮೈಕಿನಲ್ಲಿ ಎಷ್ಟು ಸಲ ಹೇಳಿದ್ದೇವೆ?

ಗೆಳೆಯರೇ, ಮುಂದಿನ ಸಲ ಟಾಕೀಸಿಗೆ ಹೋದಾಗ ಲೈಟು ಹಾಕಿದರೂ ಎರಡು ನಿಮಿಷ ಕುಳಿತಿರಿ. ಹಳೆಯ ಹಾಡು ಬಂದಿತ್ತೇ, ಹೆಸರು ಬಂತೇ ನೋಡಿ. ಬಾರದಿದ್ದರೆ ಚಿತ್ರದ ಹೆಸರು, ನೋಡಿದ ದಿನ, ಬಳಸಿದ ಹಾಡು ಬರೆದು ನಮ್ಮ ಪತ್ರಿಕೆಗೆ ಕಳಿಸಿ, ನಿರ್ಮಾಪಕರಿಗೂ ಒಂದು ಪ್ರತಿ ಹಾಕಿ. ನಾವು ತಿಂಗಳಿಗೊಮ್ಮೆ ಆ ಪಟ್ಟಿಯನ್ನು, ಬಿಟ್ಟುಹೋದ ಹೆಸರುಗಳ ಸಮೇತ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಹೆಸರು ಹಾಕಿದ ಚಿತ್ರಗಳ ಪಟ್ಟಿಯನ್ನೂ ಪಕ್ಕದಲ್ಲೇ ಹಾಕುತ್ತೇವೆ.