ಪರರ ಹಾಡು, ನಮ್ಮ ಪಾಠ

‘ಹಾಡುತ್ತ ಹಾಡುತ್ತ ರಾಗ’ ಎಂಬುದು ಹಿರಿಯರ ಗಾದೆ. ಹಾಡುವವರಿಗೆ ಈ ಮಾತು ಸಲ್ಲುತ್ತದೆ, ನಿಜ. ಆದರೆ ಸ್ವತಃ ಹಾಡಲು ಬಾರದೆ, ಬೇರೆಯವರು ಹಾಡಿದುದನ್ನು ಹದಗೊಳಿಸುವ ವಿದ್ಯೆಗೆ ಕೈಹಚ್ಚಿದವರು ಏನು ಮಾಡಬೇಕು? ಅವರು ಪರರ ಹಾಡನ್ನೇ ಆಶ್ರಯಿಸಬೇಕಾಗುತ್ತದೆ. ಧ್ವನಿಮಿಶ್ರಣ, ಎಂದರೆ ಈಗ ಎಲ್ಲರ ಬಾಯಲ್ಲೂ ಮಿಕ್ಸಿಂಗ್ ಎನಿಸಿಕೊಂಡಿರುವ ಕೆಲಸವನ್ನು ನಾನು ಎರಡು ವರ್ಷಗಳಿಂದ ಹೀಗೆಯೇ ಕಲಿಯುತ್ತಿದ್ದೇನೆ. “ಪರರ ಹಾಡಿಗೆ ದುಡಿದು ನಿನಗೇನು ಬಂತು? ನಿನ್ನದೇ ಒಂದು ಹಾಡು ಮಾಡಬಾರದೆ?” ಎಂದು ಗೆಳೆಯರು ಹಂಗಿಸುವುದುಂಟು. ಅವರಿಗೆ ಒಂದು ಉತ್ತರ ಕೊಡುವುದೂ, ನನ್ನಿಂದಾದ ಒಂದು ತಪ್ಪನ್ನು ಒಪ್ಪಿಕೊಳ್ಳುವುದೂ ಈ ಲೇಖನದ ಉದ್ದೇಶ.

ಪರರ ಕೆಲಸದಲ್ಲಿ ಕೈ ಪಳಗಿಸಿಕೊಳ್ಳುವುದು ಹೊಸ ಪದ್ಧತಿಯೇನೂ ಅಲ್ಲ. ನನ್ನ ತಂದೆಯವರು ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಮೊದಲ ವರ್ಷವೆಲ್ಲ ಅವರ ಪಾಲಿಗೆ ಬಂದದ್ದು, ಬೇರೆಯವರು ಮಾಡುವ ಗೊಂಬೆಗೆ ಬೇಕಾದ ಮರದ ಗುಂಡುಗಳನ್ನು ಲೇತ್ ಯಂತ್ರದಲ್ಲಿ ಕಡೆಯುವ ಕೆಲಸ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಎಷ್ಟು ಒತ್ತಿದರೆ ಬಣ್ಣ ಸಮನಾಗಿ ಹತ್ತುತ್ತದೆಂಬುದನ್ನು ಅವರಿಗೆ ಯಾವ ಪುಸ್ತಕವೂ ಹೇಳಲಿಲ್ಲ. ಲಂಡನ್ನಿನ ಇಎಂಐ ಧ್ವನಿಮುದ್ರಣಾಲಯದ ಪದ್ಧತಿಯೂ ಹೆಚ್ಚುಕಡಮೆ ಇದೇ. ಜೆಫ್ ಎಮೆರಿಕ್ ಎಂಬವರು 1962ರಲ್ಲಿ ಇನ್ನೂ ಹುಡುಗರಾಗಿದ್ದಾಗ ಅಲ್ಲಿ ಸಹಾಯಕರಾಗಿ ಸೇರಿ, ಹತ್ತಾರು ಜನರ ಹಾಡುಗಳಿಗೆ ಯಂತ್ರ ನಡೆಸುತ್ತ ಕಿವಿಯನ್ನು ಹರಿತಗೊಳಿಸಿಕೊಂಡರು. 1966ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಬೀಟಲ್ಸ್ ತಂಡದ ‘ರಿವಾಲ್ವರ್’ ಮುದ್ರಿಕೆಯ ಹೊಣೆ ಅವರ ಮೇಲೆ ಬಿತ್ತು. ನಮ್ಮ ನಾಡಿನಲ್ಲಾದರೋ ಕನ್ನಡ ಚಿತ್ರಗೀತೆಗಳ ಮುದ್ರಣ ಬಹುಕಾಲ ಮದರಾಸಿನಲ್ಲಿಯೇ ನಡೆಯುತ್ತಿತ್ತು. ಶಂಕರ್‌ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು 1980ರ ದಶಕದಲ್ಲಿ. ಹಳ್ಳಿಯ ಹುಡುಗ ಹುಡುಗಿಯರಿಗೆ ಆ ಬಾಗಿಲುಗಳು ದೂರವೇ ಉಳಿದವು.

ಇಂದು ಆ ದೂರ ಬಹಳ ಕಡಮೆಯಾಗಿದೆ. ‘ಅಡಾಸಿಟಿ’ಯಂಥ ತಂತ್ರಾಂಶ ಬಿಡಿಕಾಸಿಲ್ಲದೆ ದೊರೆಯುತ್ತದೆ. ಮೈಕ್ ಸೀನಿಯರ್ ಎಂಬ ಆಂಗ್ಲ ಲೇಖಕರು ಕಂಠವೇ ಬೇರೆ, ವಾದ್ಯವೇ ಬೇರೆಯಾಗಿ ಮುದ್ರಿಸಿದ ನೂರಾರು ಹಾಡುಗಳನ್ನು ಅಭ್ಯಾಸಿಗಳಿಗಾಗಿ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದ್ದಾರೆ. ನನ್ನ ಮೊದಲ ಪಾಠ ಅವುಗಳಲ್ಲೇ ಆಯಿತು. ಆದರೆ ನಿಜವಾದ ಪರೀಕ್ಷೆ ನಡೆದದ್ದು ನಮ್ಮೂರು ಹೊಂಗನೂರಿನಲ್ಲಿ, ಧನುರ್ಮಾಸದ ಭಜನೆಯಲ್ಲಿ.

ಸಲಕರಣೆ ಎಂದರೆ ಮೂರು ಮೊಬೈಲುಗಳು. ಒಂದನ್ನು ಹಾಡುವ ತಾತನ ಮುಂದೆ, ಒಂದನ್ನು ಹಾರ್ಮೋನಿಯಂ ಬಳಿ, ಇನ್ನೊಂದನ್ನು ತಬಲದ ಹತ್ತಿರ ಇಟ್ಟೆವು. ಮೂರನ್ನೂ ಆಮೇಲೆ ಒಂದೇ ಗೆರೆಗೆ ತರಲು ಅನುಕೂಲವಾಗಲೆಂದು ಮೊದಲಿಗೆ ಒಂದು ಗಟ್ಟಿ ಚಪ್ಪಾಳೆ. ಮನೆಗೆ ಬಂದು ಕೇಳಿದರೆ ಎಲ್ಲದರಲ್ಲೂ ಎಲ್ಲವೂ ಸೇರಿಕೊಂಡಿದೆ! ಜೊತೆಗೆ ಫ್ಯಾನಿನ ಗೊರಗೊರ. ತಾತನ ಮಾತು ಕೇಳಿಸದೆಂದು ಕಂಠವನ್ನು ಏರಿಸಿದೆ, ತಬಲ ಸೊರಗಿತು. ತಬಲವನ್ನು ಏರಿಸಿದೆ, ತಾಳ ಅಡಗಿತು. ಎಲ್ಲವನ್ನೂ ಏರಿಸುತ್ತ ಹೋಗಿ ಕೊನೆಗೆ ಹಾಡೆಲ್ಲ ಬಿರಿದು ಕರಕರ ಎನ್ನತೊಡಗಿತು. ಜಗಳದಲ್ಲಿ ಪ್ರತಿಯೊಬ್ಬರೂ ದನಿ ಎತ್ತರಿಸಿದರೆ ಯಾರ ಮಾತೂ ಕೇಳಿಸದಷ್ಟೆ. ಮಾಡಬೇಕಾದದ್ದು ಅದಲ್ಲ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಸುಮಾರು 2000ದಿಂದ 4000 ಹರ್ಟ್ಸ್‌ಗಳ ನಡುವೆ. ಹಾರ್ಮೋನಿಯಂ ಕೂಡ ಅದೇ ಜಾಗದಲ್ಲಿ ಕುಳಿತಿತ್ತು. ಆ ಜಾಗದಲ್ಲಿ ಹಾರ್ಮೋನಿಯಂ ಅನ್ನು ಮೂರು ಡೆಸಿಬೆಲ್‌ನಷ್ಟು ತಗ್ಗಿಸಿದೊಡನೆ ತಾತನ ಕಂಠ, ಏರಿಸದೆಯೇ, ಮುಂದೆ ಬಂದು ನಿಂತಿತು. ಮಿಶ್ರಣವೆಂದರೆ ಏರಿಸುವುದಕ್ಕಿಂತ ಹೆಚ್ಚಾಗಿ ದಾರಿ ಬಿಡಿಸುವುದು ಎಂದು ಅಂದು ತಿಳಿಯಿತು.

ತಿಳಿದ ಉತ್ಸಾಹದಲ್ಲಿ ಅತಿಯನ್ನೂ ಮಾಡಿದೆ. ‘ಕಂಠವೇ ಪ್ರಧಾನ’ ಎಂದು ಓದಿದ್ದರಿಂದ ಹಾರ್ಮೋನಿಯಂ ಅನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದೆ. ಕೇಳಿಸಿದಾಗ ತಾತ ಅಂದರು: “ಅಲ್ಲ ಮಗಾ, ನಮ್ ಹಾರ್ಮೋನಿ ಎಲ್ಲೋಯ್ತು? ಅದುನ್ ನೆಚ್ಕೊಂಡಲ್ವಾ ನಾವ್ ಹಾಡೋದು?” ಭಜನೆಯಲ್ಲಿ ಹಾರ್ಮೋನಿಯಂ ಬರಿಯ ಪಕ್ಕವಾದ್ಯವಲ್ಲ, ಗುಂಪನ್ನು ಕೈಹಿಡಿದು ನಡೆಸುವ ವಾದ್ಯ. ಇದನ್ನು ನನಗೆ ಹೇಳಲು ಹಾಡಿನ ಒಡೆಯರೇ ಬೇಕಾಯಿತು. ಗೆಳೆಯರಿಗೆ ನನ್ನ ಉತ್ತರವೂ ಇದೇ. ಹೆತ್ತವರಿಗೆ ಹೆಗ್ಗಣ ಮುದ್ದು. ಸ್ವಂತ ಹಾಡಿನಲ್ಲಿ ನಮ್ಮ ಕಿವಿ ಮುದ್ರಣವಾದುದನ್ನು ಕೇಳದೆ ಮನಸ್ಸಿನಲ್ಲಿರುವುದನ್ನು ಕೇಳುತ್ತದೆ. ಪರರ ಹಾಡು ಆ ಮೋಹವನ್ನು ಬಿಡಿಸುತ್ತದೆ. ನಾವು ಬೇಡದ ತೊಡಕುಗಳನ್ನು ತಂದು ಮುಂದಿಡುತ್ತದೆ. ತಪ್ಪಿದರೆ ಕೇಳುವವರೂ ಇರುತ್ತಾರೆ.

ಇನ್ನು ನನ್ನ ತಪ್ಪಿನ ಮಾತು. ಕಳೆದ ವರ್ಷ ಪಟ್ಟಣದ ಸ್ಟುಡಿಯೋ ಒಂದರವರು “ಅನುಭವವಾಗುತ್ತದೆ, ಮಾಡು” ಎಂದು ಮೂರು ಹಾಡುಗಳನ್ನು ನನ್ನಿಂದ ಮಾಡಿಸಿಕೊಂಡರು. ರಾತ್ರಿಯೆಲ್ಲ ಕುಳಿತು ಮಾಡಿದೆ. ಹಾಡುಗಳು ಹೊರಬಂದಾಗ ನೋಡಿದರೆ ಕಾಸಿನ ಮಾತಂತಿರಲಿ, ನನ್ನ ಹೆಸರೂ ಎಲ್ಲಿಯೂ ಇಲ್ಲ. ಸಂಕಟಪಟ್ಟೆ, ಸಿಟ್ಟಾದೆ, ಸಿಕ್ಕವರೆದುರೆಲ್ಲ ದೂರಿದೆ. ಅದೇ ರಾತ್ರಿ ಅಭ್ಯಾಸಕ್ಕೆಂದು ಲ್ಯಾಪ್‌ಟಾಪ್ ತೆರೆದೆ. ನಮ್ಮ ಬೀದಿಯ ಮೂವರು ಮುದುಕಿಯರು ಹಾಡಿಕೊಟ್ಟ ಸೋಬಾನೆ ಪದಗಳು ಅಲ್ಲಿದ್ದವು. ಅವುಗಳಿಗೆ ನಾನಿಟ್ಟಿದ್ದ ಹೆಸರು: ‘ಅಜ್ಜಿ 1’, ‘ಅಜ್ಜಿ 2’, ‘ಅಜ್ಜಿ 3’. ಭಜನೆಯವರದು ಬರೇ ‘ಭಜನೆ ಹೊಸದು’. ಅವರ ಒಪ್ಪಿಗೆ ಕೇಳದೆ ಅವುಗಳಲ್ಲಿ ಎರಡನ್ನು ಗೆಳೆಯರಿಗೆ ಕಳುಹಿಸಿಯೂ ಆಗಿತ್ತು. ಸ್ಟುಡಿಯೋದವರು ನನಗೆ ಮಾಡಿದ್ದನ್ನೇ ನಾನು ನನ್ನ ಬೀದಿಯವರಿಗೆ ಮಾಡಿದ್ದೆ. ತಂದೆಯವರು ಮೂವತ್ತು ವರ್ಷ ಕಡೆದ ಗೊಂಬೆಗಳ ಮೇಲೂ ಅವರ ಹೆಸರಿಲ್ಲವೆಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ, ಹಾಡುವವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕನ್ನು ಕೊಟ್ಟಿತು. 2012ರ ತಿದ್ದುಪಡಿ, ಹಾಡಿದ್ದು ತಾವೆಂದು ಗುರುತಿಸಲ್ಪಡುವ ಹಕ್ಕನ್ನೂ ಸೇರಿಸಿತು. ಪದವೀಧರರಾಗಹೊರಟಿರುವ ನಾವು ಇದನ್ನು ತಿಳಿದಿರಬೇಕು. ನಮ್ಮ ಅಜ್ಜಿಯರಿಗೆ ತಿಳಿಸಲೂ ಬೇಕು.

ಹಾಗೆಂದು ಪರರ ಹಾಡಿನಲ್ಲಿ ಅಭ್ಯಾಸ ಮಾಡಬಾರದೆಂದು ನನ್ನ ವಾದವಲ್ಲ; ಮಾಡಲೇಬೇಕು. ಆದರೆ ಅದಕ್ಕೊಂದು ನಡತೆ ಬೇಕು. ಮುದ್ರಿಸುವ ಮೊದಲು ಏತಕ್ಕೆಂದು ಹೇಳಿ ಒಪ್ಪಿಗೆ ಪಡೆಯಬೇಕು. ತಾಳ ಹಾಕಿದವರನ್ನೂ ಬಿಡದೆ ಎಲ್ಲರ ಹೆಸರನ್ನೂ ಮುದ್ರಣದೊಡನೆ ಬರೆದಿಡಬೇಕು. ಸಿದ್ಧವಾದ ಹಾಡು ಮೊದಲು ತಲುಪಬೇಕಾದದ್ದು ಹಾಡಿದವರ ಕಿವಿಗೆ. ಅದರಿಂದ ಯಾರಿಗಾದರೂ ಹಣ ಬರುವುದಾದರೆ ಹಾಡಿದವರಿಗೂ ದುಡಿದವರಿಗೂ ಪಾಲಿರಬೇಕು. ಪಾಲಿಲ್ಲದ ದುಡಿಮೆಗೆ ‘ಅನುಭವ’ವೆಂಬ ಹೆಸರು ಒಪ್ಪದು.

ಹಳ್ಳಿಯ ಹಾಡನ್ನು ಉಳಿಸಬೇಕೆಂಬ ಹಂಬಲಕ್ಕೆ ಈ ಸೀಮೆಯಲ್ಲಿ ಹಿರಿಯ ಮೇಲ್ಪಂಕ್ತಿ ಇದೆ. ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ನಮ್ಮಲ್ಲಿ ನೋಡದವರು ವಿರಳ. ಅಷ್ಟು ದೊಡ್ಡದು ನಮ್ಮಿಂದಾಗದು. ಆದರೆ ನಮ್ಮ ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಮೂಲೆಯನ್ನು ಇದಕ್ಕೆಂದು ಮೀಸಲಿಡಬಹುದಲ್ಲವೆ? ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರಿನ ಹಾಡುಗಳನ್ನು ಒಪ್ಪಿಗೆ ಪಡೆದು, ಹೆಸರು ಸಹಿತ, ಕಂಠವನ್ನೂ ವಾದ್ಯವನ್ನೂ ಬೇರೆ ಬೇರೆಯಾಗಿ ಮುದ್ರಿಸಿ ತಂದಿಡಲಿ. ಕಲಿಯುವ ಆಸೆಯುಳ್ಳವರು ಅದರಲ್ಲಿ ಕಲಿಯಲಿ. ಕನ್ನಡ ವಿಭಾಗದ ಅಧ್ಯಾಪಕರೂ ವಿದ್ಯಾರ್ಥಿ ಸಂಘದವರೂ ಮನಸ್ಸು ಮಾಡಿದರೆ ಮುಂದಿನ ವರ್ಷವೇ ಇದು ಮೊದಲಾದೀತು. ಆಗ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆದರೆ ಮೊದಲ ಮೂರು ಮುದ್ರಣಗಳನ್ನು ಕೊಡಲು ಸಿದ್ಧಪಡಿಸಿದ್ದೇನೆ. ಮೂವರು ಅಜ್ಜಿಯರ ಮನೆಗೂ ಹೋಗಿ, ಕೇಳಿಸಿ, ಒಪ್ಪಿಗೆ ಪಡೆದು ಬಂದಿದ್ದೇನೆ. ಈಗ ಅವುಗಳ ಮೇಲೆ ‘ಅಜ್ಜಿ 1’ ಎಂದಿಲ್ಲ.