ಸಂಬಳ ಬಂತು, ಕೈಗೆಷ್ಟು ಉಳಿಯಿತು?

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಎಲ್ಲರಿಗೂ ಗೊತ್ತು. ದುಡಿಯಲು ಹಿಂಜರಿಯುವವನನ್ನು ಕಂಡರೆ ಸೋಮಾರಿ ಎಂದುಬಿಡುವುದೂ ಸುಲಭ. ಆದರೆ ಆ ಹಿಂಜರಿಕೆಯ ಹಿಂದೆ ಒಂದು ಲೆಕ್ಕ ಇರಬಹುದಲ್ಲವೆ? ಶೇಕಡಾ ಪಾಠ ಕಲಿತ ಯಾವ ವಿದ್ಯಾರ್ಥಿಯೂ ಬಿಡಿಸಬಹುದಾದ ಅಂಥ ಒಂದು ಲೆಕ್ಕ ಅಮೆರಿಕದಲ್ಲಿದೆ.

ನ್ಯೂಯಾರ್ಕ್ ನಗರದ ನಡುಮಧ್ಯೆ ಟೈಮ್ಸ್ ಸ್ಕ್ವೇರ್ ಎಂಬ ಹಳೆಯ ಹೋಟೆಲೊಂದಿತ್ತು. 1990ರ ವೇಳೆಗೆ ಅದು ಪಾಳು ಬೀಳುವ ಸ್ಥಿತಿಗೆ ಬಂದಿತ್ತು. ಆ ವರ್ಷ ರೋಸಾನ್ ಹ್ಯಾಗರ್ಟಿ ಎಂಬ ಮಹಿಳೆ 'ಕಾಮನ್ ಗ್ರೌಂಡ್' ಎಂಬ ಸಂಸ್ಥೆ ಕಟ್ಟಿದರು. ಅದು ಈ ಕಟ್ಟಡವನ್ನು ಕೊಂಡು, ದುರಸ್ತಿ ಮಾಡಿಸಿ, 652 ಮನೆಗಳನ್ನಾಗಿ ಮಾಡಿತು. ಬೀದಿಯಲ್ಲಿ ಮಲಗುತ್ತಿದ್ದವರು, ಮಾನಸಿಕ ಕಾಯಿಲೆಯಿಂದ ನರಳಿದವರು, ಕಡಿಮೆ ಸಂಬಳದ ನೌಕರರು, ಎಲ್ಲರಿಗೂ ಅಲ್ಲಿ ಬಾಗಿಲು ತೆರೆಯಿತು. ಸಲಹೆಗಾರರು, ಆರೋಗ್ಯ ಸೇವೆ ಅದೇ ಕಟ್ಟಡದಲ್ಲಿ ಸಿಗುತ್ತಿದ್ದವು. ಇಂಥ ವ್ಯವಸ್ಥೆಗೆ ಅಲ್ಲಿ 'ಸಪೋರ್ಟಿವ್ ಹೌಸಿಂಗ್' ಎನ್ನುತ್ತಾರೆ. ಆಸರೆಯ ಮನೆ ಎಂದರೆ ಅರ್ಥ ಸ್ಪಷ್ಟವಾದೀತು. ಈ ಸಂಸ್ಥೆ ಐಸ್‌ಕ್ರೀಂ ಅಂಗಡಿಯೊಂದನ್ನೂ ನಡೆಸಿ ನಿವಾಸಿಗಳಿಗೆ ಅಲ್ಲಿ ಕೆಲಸ ಕೊಟ್ಟಿತು.

ಸೂರು ಸಿಕ್ಕಿತು. ಮುಂದಿನ ಪ್ರಶ್ನೆ ದುಡಿಮೆಯದು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಮೊದಲು ವರ್ಷಗಟ್ಟಲೆ ತರಬೇತಿ ಕೊಟ್ಟು, 'ತಯಾರಾದರು' ಎನಿಸಿದ ಮೇಲೆ ಕೆಲಸ ಹುಡುಕಬೇಕು ಎಂಬುದು ಹಿಂದಿನ ಕ್ರಮ. ಇದನ್ನು ತಿರುವುಹಾಕಿದವರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರಾಬರ್ಟ್ ಡ್ರೇಕ್ ಮತ್ತು ಡೆಬೋರಾ ಬೆಕರ್. ಕೆಲಸ ಬೇಕು ಎಂದವರಿಗೆ ಬೇಗನೆ, ಅವರು ಇಷ್ಟಪಟ್ಟಂಥ ನಿಜವಾದ ಕೆಲಸವನ್ನೇ ಹುಡುಕಿ ಕೊಡಬೇಕು, ಕಲಿಕೆ ಕೆಲಸದಲ್ಲಿದ್ದುಕೊಂಡೇ ಆಗಲಿ, ಬೆಂಬಲವನ್ನು ಮಾತ್ರ ನಡುವೆ ನಿಲ್ಲಿಸಬಾರದು ಎಂಬುದು ಇವರ ಕ್ರಮ. ಎರಡೂ ಕ್ರಮಗಳನ್ನು ಹೋಲಿಸಿ ನೋಡಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹೊಸ ಕ್ರಮದಲ್ಲಿ ಕೆಲಸ ಪಡೆದವರ ಪ್ರಮಾಣ ಹಳೆಯದರ ಸುಮಾರು ಎರಡರಷ್ಟಿತ್ತು. ಈಜು ಕಲಿಯಲು ನೀರಿಗೆ ಇಳಿಯಲೇಬೇಕಲ್ಲವೆ?

ಆದರೂ ಎಷ್ಟೋ ನಿವಾಸಿಗಳು ಕೆಲಸಕ್ಕೆ ಹೆದರುತ್ತಾರೆ. ಕಾರಣ ಈ ಲೆಕ್ಕದಲ್ಲಿದೆ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆ ಇರುವ ಬಡವರಿಗೆ ಅಲ್ಲಿನ ಕೇಂದ್ರ ಸರ್ಕಾರ 'ಎಸ್‌ಎಸ್‌ಐ' ಎಂಬ ಮಾಸಾಶನ ಕೊಡುತ್ತದೆ. 2025ರಲ್ಲಿ ಒಬ್ಬರಿಗೆ ಇದು ಹೆಚ್ಚೆಂದರೆ ತಿಂಗಳಿಗೆ 967 ಡಾಲರ್. ಆಸರೆಯ ಮನೆಯ ಬಾಡಿಗೆ ಸಾಮಾನ್ಯವಾಗಿ ಆದಾಯದ ಶೇಕಡಾ 30ರಷ್ಟು. ಅಂದರೆ ಸುಮಾರು 290 ಡಾಲರ್ ಬಾಡಿಗೆ ಕಳೆದು ಕೈಯಲ್ಲಿ 677 ಉಳಿಯುತ್ತದೆ.

ಈ ನಿವಾಸಿಗೆ ಅರೆಕಾಲಿಕ ಕೆಲಸ ಸಿಕ್ಕಿತು, ಸಂಬಳ 485 ಡಾಲರ್ ಎಂದುಕೊಳ್ಳಿ. ನಿಯಮದಂತೆ ಸಂಬಳದಲ್ಲಿ ಮೊದಲ 85 ಡಾಲರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ 400ರಲ್ಲಿ ಅರ್ಧ, ಅಂದರೆ 200 ಡಾಲರ್, ಮಾಸಾಶನದಿಂದ ಕಡಿತವಾಗುತ್ತದೆ. ಮಾಸಾಶನ 767, ಸಂಬಳ 485, ಒಟ್ಟು 1,252. ಆದಾಯ ಏರಿದ್ದರಿಂದ ಬಾಡಿಗೆಯೂ ಸುಮಾರು 376ಕ್ಕೆ ಏರುತ್ತದೆ. ಕೈಯಲ್ಲಿ ಉಳಿದದ್ದು 876. ಮೊದಲಿಗಿಂತ ಹೆಚ್ಚಾದದ್ದು 199 ಡಾಲರ್ ಮಾತ್ರ! ಇದರಲ್ಲೇ ಸಂಬಳದ ಮೇಲಿನ ತೆರಿಗೆ, ಹೋಗಿಬರುವ ಖರ್ಚು ನಡೆಯಬೇಕು.

ಹಾಗಾದರೆ ದುಡಿಯುವುದು ನಷ್ಟವೆ? ಅಲ್ಲ. ಕಡಿಮೆಯಾದರೂ ಲಾಭವೇ. ಮಾಸಾಶನ ಪೂರ್ತಿ ನಿಂತುಹೋದರೂ ಒಂದು ಮಿತಿಯವರೆಗೆ ಸರ್ಕಾರಿ ಆರೋಗ್ಯ ವಿಮೆ ಮುಂದುವರಿಯಬಹುದು. ಇದು ತಿಳಿಯದವರು 'ಕೆಲಸಕ್ಕೆ ಸೇರಿದರೆ ಔಷಧಿಗೂ ಕುತ್ತು' ಎಂದು ಅಂಜಿ ಕೂರುತ್ತಾರೆ. ಇನ್ನು ಕೆಲವರು ಸಂಬಳದ ವಿಷಯ ಕಚೇರಿಗೆ ತಿಳಿಸದೆ ಹೋಗಿ, ತಿಂಗಳುಗಳ ನಂತರ 'ಹೆಚ್ಚು ಪಡೆದ ಹಣ ಹಿಂತಿರುಗಿಸಿ' ಎಂಬ ಪತ್ರ ಬಂದಾಗ ಕಂಗಾಲಾಗುತ್ತಾರೆ. ಆದ್ದರಿಂದಲೇ ಡ್ರೇಕ್ ಮತ್ತು ಬೆಕರ್ ಅವರ ಕ್ರಮದಲ್ಲಿ, ಕೆಲಸ ಹುಡುಕುವಷ್ಟೇ ಮುಖ್ಯವಾಗಿ, ಪಕ್ಕದಲ್ಲಿ ಕುಳಿತು ಈ ಲೆಕ್ಕ ಬಿಡಿಸಿ ಹೇಳುವ ಸಲಹೆಗಾರರೂ ಇರಬೇಕು.

ಉಳಿತಾಯಕ್ಕೂ ಒಂದು ತೊಡಕಿದೆ. ಹನಿ ಹನಿ ಕೂಡಿದರೆ ಹಳ್ಳ ಎಂದು ಮಕ್ಕಳಿಗೆ ಕಲಿಸುತ್ತೇವೆ. ಅಲ್ಲಿ ಆ ಹನಿಗಳು 2,000 ಡಾಲರ್ ದಾಟಿದರೆ ಮಾಸಾಶನವೇ ನಿಲ್ಲುತ್ತದೆ. ವಾಸದ ಮನೆ, ಒಂದು ವಾಹನ ಇದರಲ್ಲಿ ಸೇರುವುದಿಲ್ಲ. ಆದರೆ ಈ ಮಿತಿ 1989ರಿಂದ ಏರಿಲ್ಲ, ಬೆಲೆಗಳು ಮಾತ್ರ ಏರುತ್ತಲೇ ಇವೆ. 2014ರ ಕಾನೂನೊಂದು 'ಏಬಲ್' ಎಂಬ ಖಾತೆಗೆ ಅವಕಾಶ ಕೊಟ್ಟಿತು. ಅದರಲ್ಲಿ 1 ಲಕ್ಷ ಡಾಲರ್‌ವರೆಗಿನ ಉಳಿತಾಯ ಈ ಮಿತಿಗೆ ಬರುವುದಿಲ್ಲ. ಆದರೆ 26 ವರ್ಷ ತುಂಬುವ ಮೊದಲೇ ಅಂಗವೈಕಲ್ಯ ಉಂಟಾಗಿದ್ದವರಿಗೆ ಮಾತ್ರ ಅದು ಸಿಗುತ್ತಿತ್ತು. 2026ರ ಜನವರಿಯಿಂದ ಆ ವಯಸ್ಸನ್ನು 46ಕ್ಕೆ ಏರಿಸಲಾಗಿದೆ. ನಡುವಯಸ್ಸಿನಲ್ಲಿ ಎಡವಿದವರಿಗೂ ಈಗ ನಾಲ್ಕು ಕಾಸು ಕೂಡಿಡಲು ದಾರಿಯಾಗಿದೆ.

ಬೀಗದ ಕೈ ಕೊಟ್ಟರೆ ಮನೆ ಸಿಗುತ್ತದೆ, ನೇಮಕದ ಪತ್ರ ಕೊಟ್ಟರೆ ಕೆಲಸ ಸಿಗುತ್ತದೆ. ಮನೆ, ಕೆಲಸ ಎರಡೂ ಕೈತಪ್ಪದಂತೆ ಬಾಳಲು ಲೆಕ್ಕ ತಿಳಿದಿರಬೇಕು, ತಿಳಿಯದಿದ್ದರೆ ತಾಳ್ಮೆಯಿಂದ ತಿಳಿಸುವವರು ಬೇಕು. 'ಈ ಶೇಕಡಾ ಲೆಕ್ಕ ಕಲಿತು ಏನು ಪ್ರಯೋಜನ?' ಎಂದು ಮಗು ಕೇಳಿದರೆ, ತಂದೆತಾಯಿಗಳು ಈ 485 ಡಾಲರಿನ ಲೆಕ್ಕವನ್ನು ಅದರ ಮುಂದಿಡಬಹುದು. ಮಗು ಅದನ್ನು ಬಿಡಿಸಿದ ಮೇಲೆ, ಕೆಲಸಕ್ಕೆ ಹಿಂಜರಿದ ಆ ನಿವಾಸಿ ಸೋಮಾರಿಯೇ ಎಂದು ಇನ್ನೊಮ್ಮೆ ಕೇಳಿ ನೋಡಿ.